ಶಿಕ್ಷಕರಾಗಬೇಕೆಂದಿರುವ ಹಳ್ಳಿಯ ಮಕ್ಕಳಿಗೆ: ಯಾವ ದಾರಿ, ಯಾವ ವಿದ್ಯಾರ್ಥಿವೇತನ?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಹಳ್ಳಿಯ ಮನೆಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ: ಯಾವ ವಿದ್ಯಾರ್ಥಿವೇತನದಲ್ಲಿ ಹೆಚ್ಚು ಹಣ ಬರುತ್ತದೆ? ಕೂಲಿಯನ್ನೋ ಎರಡು ಎಕರೆ ಮಳೆಯಾಶ್ರಿತ ಹೊಲವನ್ನೋ ನಂಬಿದ ಕುಟುಂಬ ಹೀಗೆ ಕೇಳುವುದು ಸಹಜ. ಆದರೆ ಶಿಕ್ಷಕ ವೃತ್ತಿಯ ದಾರಿ ಉದ್ದ. ಓದು ಮುಗಿಯಬೇಕು, ತರಬೇತಿ ಮುಗಿಯಬೇಕು, ಅರ್ಹತಾ ಪರೀಕ್ಷೆ ದಾಟಬೇಕು, ಆಮೇಲೆ ನೇಮಕಾತಿಯ ಅಧಿಸೂಚನೆಗೆ ಕಾಯಬೇಕು. ಇಷ್ಟು ಉದ್ದದ ದಾರಿಯಲ್ಲಿ ಮೊತ್ತಕ್ಕಿಂತ ಮುಖ್ಯವಾದ ವಿಷಯಗಳಿವೆ. ಹಣ ಯಾವ ತಿಂಗಳಲ್ಲಿ ಕೈಸೇರುತ್ತದೆ, ಯಾವ ಖರ್ಚನ್ನು ಹೊರುತ್ತದೆ, ಎಷ್ಟು ವರ್ಷ ಜೊತೆಗೆ ಬರುತ್ತದೆ ಎಂಬುದನ್ನು ನೋಡಿಯೇ ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕರ್ನಾಟಕದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಮೊದಲು ದಾರಿಯನ್ನು ಆರಿಸಿಕೊಳ್ಳಿ

ವಿದ್ಯಾರ್ಥಿವೇತನವನ್ನು ಮೊದಲು ಹುಡುಕಿ ಕೋರ್ಸನ್ನು ಆಮೇಲೆ ನೋಡುವವರು ಬಹಳ ಮಂದಿ. ಇದು ತಿರುಗುಮುರುಗಾಗಬೇಕು, ಏಕೆಂದರೆ ಕೋರ್ಸ್ ಯಾವುದು ಎಂಬುದರ ಮೇಲೆ ಯಾವ ನೆರವಿನ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಎಂಬುದು ನಿಂತಿದೆ.

ಪಿಯುಸಿ ನಂತರ ಎರಡು ವರ್ಷದ ಡಿ.ಎಲ್.ಎಡ್., ಅಂದರೆ ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿಯ ಡಿಪ್ಲೊಮಾ, ಒಂದು ದಾರಿ. ಹಳೆಯ ತಲೆಮಾರಿನವರು ಇದನ್ನೇ ಟಿ.ಸಿ.ಎಚ್. ಎಂದು ಬಲ್ಲರು. ಪಿಯುಸಿಯಲ್ಲಿ ಶೇ. 50 ಅಂಕ ಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 45. ಬಿ.ಎಡ್. ಭರಾಟೆಯಲ್ಲಿ ಕೆಲವು ವರ್ಷ ಇದನ್ನು ಕೇಳುವವರೇ ಇರಲಿಲ್ಲ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಬಿ.ಎಡ್. ಪದವಿ ಒಂದರಿಂದ ಐದನೇ ತರಗತಿಯ ಶಿಕ್ಷಕ ಹುದ್ದೆಗೆ ಅರ್ಹತೆಯಾಗದು ಎಂದು ತೀರ್ಪು ನೀಡಿದ ಮೇಲೆ ಲೆಕ್ಕಾಚಾರ ಬದಲಾಯಿತು. ಚಿಕ್ಕ ಮಕ್ಕಳಿಗೆ ಕಲಿಸುವ ಆಸೆ ಇರುವವರಿಗೆ ಡಿ.ಎಲ್.ಎಡ್. ಮತ್ತೆ ಮುಖ್ಯ ದಾರಿಯಾಗಿದೆ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಲ್ಲಿ, ಅಂದರೆ ಎಲ್ಲರೂ ಡಯಟ್ ಎಂದು ಕರೆಯುವ ಸರ್ಕಾರಿ ಸಂಸ್ಥೆಗಳಲ್ಲಿ, ಸೀಟು ಸಿಕ್ಕರೆ ಶುಲ್ಕದ ಹೊರೆ ತೀರಾ ಕಡಿಮೆ.

ಎರಡನೆಯದು ಎಲ್ಲರಿಗೂ ಪರಿಚಿತವಾದ ದಾರಿ: ಮೂರು ವರ್ಷದ ಬಿ.ಎ. ಅಥವಾ ಬಿ.ಎಸ್‌ಸಿ., ಅದರ ಮೇಲೆ ಎರಡು ವರ್ಷದ ಬಿ.ಎಡ್. ಒಟ್ಟು ಐದು ವರ್ಷ. ಪ್ರೌಢಶಾಲೆಯಲ್ಲಿ ಕಲಿಸಬೇಕೆಂದರೆ ಬಿ.ಎಡ್. ಬೇಕೇ ಬೇಕು.

ಮೂರನೆಯದು ನಾಲ್ಕು ವರ್ಷದ ಸಮಗ್ರ ಪದವಿ. ಪದವಿ ಮತ್ತು ಬಿ.ಎಡ್. ಎರಡೂ ಒಂದೇ ಕೋರ್ಸ್‌ನಲ್ಲಿ ಮುಗಿಯುವುದರಿಂದ ಒಂದು ವರ್ಷದ ಊಟ, ವಸತಿ, ಓಡಾಟದ ಖರ್ಚು ಇಡಿಯಾಗಿ ಉಳಿಯುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಶಿಕ್ಷಕರನ್ನು ರೂಪಿಸುತ್ತಿದೆ. ಕೇಂದ್ರದ ಎನ್‌ಸಿಇಆರ್‌ಟಿ ನಡೆಸುವ ಈ ಸಂಸ್ಥೆಯಲ್ಲಿ ವಿದ್ಯಾರ್ಥಿನಿಲಯವೂ ಇದೆ. ಪ್ರವೇಶಕ್ಕೆ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರು ಮೊದಲ ಸೆಮಿಸ್ಟರ್‌ನ ಇಂಗ್ಲಿಷ್ ಪಾಠಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಬೇಕು. ಅದು ಕಷ್ಟವೇ ಸರಿ, ಆದರೆ ಆ ಕಷ್ಟದ ಭಯದಿಂದ ಅರ್ಜಿಯನ್ನೇ ಹಾಕದೆ ಉಳಿಯುವ ಜಾಣ ಮಕ್ಕಳ ಸಂಖ್ಯೆ ನೋಡಿದರೆ ನೋವಾಗುತ್ತದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿಯೂ ಬಿ.ಎಸ್‌ಸಿ.-ಬಿ.ಎಡ್. ಇದೆ. ಅಲ್ಲಿನ ಪೂರ್ಣ ಶುಲ್ಕವನ್ನು ನೋಡಿ ಹೆದರಬೇಡಿ. ಕುಟುಂಬದ ಆದಾಯ ನೋಡಿ ಶುಲ್ಕದಲ್ಲಿ ರಿಯಾಯಿತಿ ಕೊಡುವ ಸಂಸ್ಥೆ ಅದು, ಅಗತ್ಯವಿದ್ದವರಿಗೆ ಸಂಪೂರ್ಣವಾಗಿಯೂ ಕೊಡುತ್ತದೆ.

ಇನ್ನೊಂದು ದಾರಿ ಹೆಚ್ಚು ಮಂದಿಯ ಗಮನಕ್ಕೆ ಬರುವುದಿಲ್ಲ. ಡಿ.ಎಲ್.ಎಡ್. ಮುಗಿಸಿ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ಪದವಿ ಪಡೆಯುವುದು. ಆರರಿಂದ ಎಂಟನೇ ತರಗತಿಯ ಪದವೀಧರ ಪ್ರಾಥಮಿಕ ಶಿಕ್ಷಕ ಹುದ್ದೆಗೆ ಪದವಿಯ ಜೊತೆ ಬಿ.ಎಡ್. ಅಥವಾ ಡಿ.ಎಲ್.ಎಡ್. ಎರಡರಲ್ಲಿ ಒಂದಿದ್ದರೂ ಸಾಕು, ಜೊತೆಗೆ ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯ ಎರಡನೇ ಪತ್ರಿಕೆ ತೇರ್ಗಡೆಯಾಗಿರಬೇಕು. ರಾಜ್ಯ ಸರ್ಕಾರ 2022ರಲ್ಲಿ 15,000 ಹುದ್ದೆಗಳಿಗೆ ಅಧಿಸೂಚನೆ ಹೊರಡಿಸಿದ್ದು ಇದೇ ವೃಂದಕ್ಕೆ. ಮನೆಗೆ ಬೇಗ ಒಂದು ಸಂಬಳ ಬರಲೇಬೇಕಾದ ಕುಟುಂಬದ ಮಕ್ಕಳಿಗೆ ಈ ದಾರಿ ಒಪ್ಪುತ್ತದೆ: ಎರಡು ವರ್ಷದಲ್ಲಿ ಖಾಸಗಿ ಶಾಲೆಯಲ್ಲಾದರೂ ಕೆಲಸಕ್ಕೆ ಸೇರಬಹುದು, ಓದು ಜೊತೆಯಲ್ಲೇ ಸಾಗುತ್ತದೆ. ಆದರೆ ದೂರಶಿಕ್ಷಣದ ವರ್ಷಗಳಲ್ಲಿ ಸರ್ಕಾರಿ ವಿದ್ಯಾರ್ಥಿನಿಲಯ ಮತ್ತು ಊಟ-ವಸತಿ ನೆರವು ಸಿಗುವುದಿಲ್ಲ ಎಂಬುದನ್ನು ಮರೆಯಬಾರದು. ಪ್ರೌಢಶಾಲೆಯ ಬಾಗಿಲೂ ಬಿ.ಎಡ್. ಮಾಡುವವರೆಗೆ ಮುಚ್ಚಿಯೇ ಇರುತ್ತದೆ.

ಶುಲ್ಕಕ್ಕೆ ಬರುವ ಹಣ, ಹೊಟ್ಟೆಗೆ ಬರುವ ಹಣ

ನೆರವುಗಳಲ್ಲಿ ಎರಡು ಬಗೆ. ಒಂದು ಕಾಲೇಜಿನ ಶುಲ್ಕವನ್ನು ತೀರಿಸುತ್ತದೆ. ಇನ್ನೊಂದು ವಿದ್ಯಾರ್ಥಿಯ ಊಟ, ಕೋಣೆ, ಬಸ್ಸು, ಪುಸ್ತಕಕ್ಕೆ ಆಗುತ್ತದೆ. ಹಳ್ಳಿಯ ಬಡ ವಿದ್ಯಾರ್ಥಿ ಓದು ಬಿಡುವುದು ಹೆಚ್ಚಾಗಿ ಎರಡನೆಯದರ ಕೊರತೆಯಿಂದ. ಸರ್ಕಾರಿ ಪದವಿ ಕಾಲೇಜಿನ ಶುಲ್ಕವನ್ನು ಹೇಗೋ ಹೊಂದಿಸುತ್ತಾರೆ, ಆದರೆ ಜಿಲ್ಲಾ ಕೇಂದ್ರದಲ್ಲಿ ಹತ್ತು ತಿಂಗಳು ಉಣ್ಣುವುದು ಹೇಗೆ ಎಂಬಲ್ಲಿ ಲೆಕ್ಕ ತಪ್ಪುತ್ತದೆ. ನಮ್ಮ ಹಿರಿಯರು ವಾರಾನ್ನ ಉಂಡು ಓದಿದ್ದೂ, ಸಿದ್ಧಗಂಗೆಯಂಥ ಮಠಗಳು ಸಾವಿರಾರು ಮಕ್ಕಳಿಗೆ ಅನ್ನ ಮತ್ತು ಆಶ್ರಯ ಕೊಟ್ಟು ಓದಿಸಿದ್ದೂ ಈ ಕಾರಣಕ್ಕೇ. ಆ ಮಕ್ಕಳಲ್ಲಿ ಎಷ್ಟೋ ಮಂದಿ ಮುಂದೆ ಮೇಷ್ಟರಾಗಿ ಊರೂರಿಗೆ ಹೋದರು.

ಶುಲ್ಕದ ಕಡೆಯಿಂದ ನೋಡಿದರೆ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವೇ ಬುನಾದಿ. ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಿರಬಾರದು. ಮರುಪಾವತಿಯಾಗದ ಕಡ್ಡಾಯ ಶುಲ್ಕವನ್ನು ಇದು ಭರಿಸುತ್ತದೆ, ಅದರ ಜೊತೆಗೆ ಶೈಕ್ಷಣಿಕ ಭತ್ಯೆ ಕೊಡುತ್ತದೆ. 2021ರ ಪರಿಷ್ಕರಣೆಯ ಪ್ರಕಾರ ಬಿ.ಎ., ಬಿ.ಎಸ್‌ಸಿ.ಯಂಥ ಸಾಮಾನ್ಯ ಪದವಿಯಲ್ಲಿ ಈ ಭತ್ಯೆ ವಿದ್ಯಾರ್ಥಿನಿಲಯದಲ್ಲಿ ಇರುವವರಿಗೆ ವರ್ಷಕ್ಕೆ 6,000 ರೂಪಾಯಿ, ಮನೆಯಿಂದ ಓಡಾಡುವವರಿಗೆ 3,000. ಭತ್ಯೆ ಚಿಕ್ಕದು, ಶುಲ್ಕದ ಭಾಗವೇ ದೊಡ್ಡದು. ಆದ್ದರಿಂದ ಶುಲ್ಕ ಹೆಚ್ಚಿರುವ ಬಿ.ಎಡ್. ವರ್ಷಗಳಲ್ಲಿ ಇದರ ಬೆಲೆ ತಿಳಿಯುತ್ತದೆ. ಆದರೆ ಬಿ.ಎಡ್. ಸೀಟನ್ನು ಕೇಂದ್ರೀಕೃತ ದಾಖಲಾತಿಯ ಸರ್ಕಾರಿ ಕೋಟಾದಲ್ಲೇ ಪಡೆಯಬೇಕು. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿ ಆಮೇಲೆ ಸರ್ಕಾರ ಶುಲ್ಕ ಕೊಡುತ್ತದೆ ಎಂದು ನಂಬಿಸುವ ಮಧ್ಯವರ್ತಿಗಳ ಮಾತಿಗೆ ಕಿವಿಗೊಡಬೇಡಿ.

ಇದರಲ್ಲಿ ಒಂದು ನಿಯಮವನ್ನು ಮೊದಲೇ ತಿಳಿದಿರಬೇಕು. ಒಂದು ಹಂತ ಮುಗಿಸಿ ಅದೇ ಹಂತದ ಮತ್ತೊಂದು ಕೋರ್ಸ್‌ಗೆ ಸೇರಿದರೆ ವಿದ್ಯಾರ್ಥಿವೇತನ ಮುಂದುವರಿಯುವುದಿಲ್ಲ. ಎಂ.ಎ. ಮುಗಿಸಿ ಮತ್ತೊಂದು ಎಂ.ಎ. ಮಾಡುವವರಿಗೆ ಇದು ಅನ್ವಯಿಸುತ್ತದೆ. ಎಂ.ಎ. ನಂತರ ಬಿ.ಎಡ್. ಮಾಡುವ ಯೋಚನೆ ಇದ್ದರೆ ಸೇರುವ ಮುನ್ನವೇ ಸಮಾಜ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಪದವಿ ಆದ ಕೂಡಲೇ ಬಿ.ಎಡ್. ಮುಗಿಸಿಕೊಂಡು, ಎಂ.ಎ.ಯನ್ನು ಆಮೇಲೆ ಇಟ್ಟುಕೊಳ್ಳುವುದು ಬಡ ವಿದ್ಯಾರ್ಥಿಗೆ ಹೆಚ್ಚು ಸುರಕ್ಷಿತ ಎಂಬುದು ನನ್ನ ಸಲಹೆ.

ಈಗ ಹೊಟ್ಟೆಯ ಮಾತಿಗೆ ಬರೋಣ. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳ ಮುಂದೆ ಸಾಮಾನ್ಯವಾಗಿ ಎರಡು ಆಯ್ಕೆಗಳಿರುತ್ತವೆ: ಬಿ.ಸಿ.ಎಂ. ಹಾಸ್ಟೆಲ್ (ಹಿಂದುಳಿದ ವರ್ಗಗಳ ಸರ್ಕಾರಿ ವಿದ್ಯಾರ್ಥಿನಿಲಯ) ಅಥವಾ ವಿದ್ಯಾಸಿರಿ. 2013-14ರಲ್ಲಿ ಆರಂಭವಾದ ವಿದ್ಯಾಸಿರಿ ಯೋಜನೆ, ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಗದವರಿಗೆ ಊಟ ಮತ್ತು ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15,000 ರೂಪಾಯಿ ಕೊಡುವ ಲೆಕ್ಕದಲ್ಲಿ ಶುರುವಾಯಿತು. ಎರಡನ್ನೂ ಒಟ್ಟಿಗೆ ಪಡೆಯುವಂತಿಲ್ಲ. ಆದಾಯದ ಮಿತಿ ಪ್ರವರ್ಗ-1ಕ್ಕೆ ಒಂದು, ಉಳಿದ ಪ್ರವರ್ಗಗಳಿಗೆ ಇನ್ನೊಂದು, ಹೀಗಾಗಿ ಆ ವರ್ಷದ ಪ್ರಕಟಣೆಯನ್ನು ಓದಿಕೊಳ್ಳಬೇಕು.

ಖಾತೆಗೆ ನೇರವಾಗಿ ಹಣ ಬೀಳುತ್ತದೆ ಎಂಬ ಕಾರಣಕ್ಕೆ ಹಾಸ್ಟೆಲ್ ಬಿಟ್ಟು ವಿದ್ಯಾಸಿರಿಯ ಕಡೆ ಒಲಿಯುವವರಿದ್ದಾರೆ. ನಾನು ಹಾಸ್ಟೆಲ್ ಪಕ್ಷ. ಊಟ ಪ್ರತಿದಿನ ಬೇಕು, ಆದರೆ ವಿದ್ಯಾರ್ಥಿವೇತನ ಪ್ರತಿ ತಿಂಗಳು ಬರುವುದಿಲ್ಲ. ಅರ್ಜಿ, ಪರಿಶೀಲನೆ, ಮಂಜೂರಾತಿ ದಾಟಿ ಹಣ ಖಾತೆಗೆ ಬರುವಷ್ಟರಲ್ಲಿ ಶೈಕ್ಷಣಿಕ ವರ್ಷದ ಬಹುಪಾಲು ಕಳೆದಿರುತ್ತದೆ. ಅಷ್ಟರವರೆಗೆ ಕೋಣೆಯ ಬಾಡಿಗೆ ಕಟ್ಟಲು ಅಪ್ಪ ಸಾಲ ಮಾಡಿದ್ದರೆ, ಬಂದ ಹಣ ಬಡ್ಡಿಗೇ ಹೋಗುತ್ತದೆ. ಹಾಸ್ಟೆಲ್‌ನಲ್ಲಿ ತಡವಾಗುವ ಹಣದ ಚಿಂತೆ ಸರ್ಕಾರದ್ದು, ತಟ್ಟೆ ಮಾತ್ರ ದಿನವೂ ತುಂಬುತ್ತದೆ. ಇನ್ನೂ ಒಂದು ಲಾಭವಿದೆ. ಅಲ್ಲಿನ ಹಿರಿಯ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಟಿಇಟಿ ಬರೆದಿರುತ್ತಾರೆ, ಒಬ್ಬರಾದರೂ ಬಿ.ಎಡ್. ಅರ್ಜಿ ತುಂಬಿರುತ್ತಾರೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ವಿದ್ಯಾರ್ಥಿಗೆ ಅಂಥವರ ಒಡನಾಟ ಬೇರೆಲ್ಲೂ ಸುಲಭವಾಗಿ ದೊರೆಯುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ 2023ರ ಜೂನ್ 11ರ ನಂತರ ಈ ಲೆಕ್ಕ ಸ್ವಲ್ಪ ಸಡಿಲವಾಗಿದೆ. ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಕಾಲೇಜು ಒಂದು ಗಂಟೆಯ ದಾರಿಯಲ್ಲಿದ್ದು, ಹೊತ್ತಿಗೆ ಸರಿಯಾಗಿ ಬಸ್ ಇದ್ದರೆ ಮನೆಯಿಂದಲೇ ಓಡಾಡಿ ಓದುವುದು ಸಾಧ್ಯ. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲೇ ಕಳೆಯುವುದಾದರೆ, ಮನೆಗೆ ಬಂದ ಮೇಲೆ ಒಲೆಯ ಕೆಲಸವೂ ಕಾದಿದ್ದರೆ, ಟಿಕೆಟ್ ಉಚಿತವಾದರೂ ಹಾಸ್ಟೆಲ್ಲೇ ಲೇಸು.

ಅಂಕದ ಮೇಲೆ ಸಿಗುವವು

ಪಿಎಂ-ಯುಎಸ್‌ಪಿ ಹೆಸರಿನ ಕೇಂದ್ರ ವಲಯದ ವಿದ್ಯಾರ್ಥಿವೇತನ ಪಿಯುಸಿಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇ. 20ರೊಳಗೆ ಬಂದವರಿಗೆ. ಕುಟುಂಬದ ಆದಾಯ 4.5 ಲಕ್ಷ ರೂಪಾಯಿ ಮೀರಿರಬಾರದು. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000, ಸ್ನಾತಕೋತ್ತರದಲ್ಲಿ 20,000 ರೂಪಾಯಿ. ಜಾತಿಯ ಕಾರಣಕ್ಕೆ ಬೇರೆ ನೆರವು ಸಿಗದ ಬಡ ಕುಟುಂಬದ ಜಾಣ ಮಕ್ಕಳಿಗೆ ಇದು ಅಮೂಲ್ಯ. ಡಿಪ್ಲೊಮಾ ಓದುವವರಿಗೆ ಇದಿಲ್ಲ, ಎಂದರೆ ಡಿ.ಎಲ್.ಎಡ್. ಆರಿಸಿದವರು ಇದನ್ನು ಲೆಕ್ಕಕ್ಕೆ ಹಿಡಿಯಬಾರದು. ಬೇರೆ ವಿದ್ಯಾರ್ಥಿವೇತನ ಪಡೆಯುತ್ತಿರುವವರೂ ಇದನ್ನು ಪಡೆಯುವಂತಿಲ್ಲ. ಎರಡೂ ಸಿಗುವ ಅರ್ಹತೆ ಇದ್ದು ಒಂದನ್ನೇ ಆರಿಸಬೇಕಾಗಿ ಬಂದಾಗ, ಬಿ.ಎಡ್. ಹಂತದಲ್ಲೂ ಯಾವುದು ಜೊತೆಗೆ ಬರುತ್ತದೆ ಎಂದು ನೋಡಿ ತೀರ್ಮಾನಿಸಿ. ಮೊದಲ ವರ್ಷ 12,000 ಬರುತ್ತದೆಂದು ಹಿಗ್ಗಿ, ಶುಲ್ಕ ಹೆಚ್ಚಿರುವ ನಾಲ್ಕನೇ ವರ್ಷದಲ್ಲಿ ಕೈ ಖಾಲಿಯಾಗಬಾರದು.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್‌ಸ್ಪೈರ್ ವಿದ್ಯಾರ್ಥಿವೇತನವೂ ಇದೆ, ವರ್ಷಕ್ಕೆ 80,000 ರೂಪಾಯಿಯದು. ಮಂಡಳಿಯ ಮೇಲಿನ ಶೇ. 1ರೊಳಗೆ ಬರಬೇಕು, ಮೂಲ ವಿಜ್ಞಾನವನ್ನೇ ಓದಬೇಕು. ಕಾಲೇಜು ಉಪನ್ಯಾಸಕರಾಗುವ ಕನಸಿರುವವರು ಗಮನಿಸಿ.

ರಾಜ್ಯದ ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆ ಇರುವ ಪ್ರೋತ್ಸಾಹಧನದ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕು. ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದವರಿಗೆ ಪಿಯುಸಿಗೆ 20,000, ಪದವಿಗೆ 25,000, ಎಂ.ಎ., ಎಂ.ಎಸ್‌ಸಿ.ಗೆ 30,000 ರೂಪಾಯಿಯನ್ನು ಒಂದೇ ಬಾರಿಗೆ ಕೊಡಲಾಗುತ್ತದೆ. ಇದಕ್ಕೆ ಪ್ರತ್ಯೇಕ ಅರ್ಜಿ ಹಾಕಬೇಕು. ಒಂದು ಕೋರ್ಸ್ ಮುಗಿದು ಇನ್ನೊಂದು ಶುರುವಾಗುವ ಹೊತ್ತಿನಲ್ಲಿ ಕೈಸೇರುವ ಹಣವಾದ್ದರಿಂದ ಶಿಕ್ಷಕರಾಗುವವರಿಗೆ ಇದು ಬಹಳ ಉಪಯುಕ್ತ. ಪದವಿಯ 25,000 ರೂಪಾಯಿಯನ್ನು ಮನೆಯ ಬೇರೆ ಖರ್ಚಿಗೆ ಬಿಡದೆ ಬಿ.ಎಡ್. ವರ್ಷಗಳಿಗೆಂದು ತೆಗೆದಿಡಿ. ಬಿ.ಎಡ್.ನಲ್ಲಿ ಒಟ್ಟು 20 ವಾರಗಳ ಶಾಲಾ ಇಂಟರ್ನ್‌ಶಿಪ್ ಇರುತ್ತದೆ, ಅದರಲ್ಲಿ 16 ವಾರ ಎರಡನೇ ವರ್ಷದಲ್ಲೇ. ಆ ತಿಂಗಳುಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಶಾಲೆಯಲ್ಲಿರಬೇಕು. ಅಂಗಡಿಯಲ್ಲೋ ಗಾರೆ ಕೆಲಸದಲ್ಲೋ ದುಡಿದು ಓದುತ್ತಿದ್ದವರ ಆದಾಯ ಅಷ್ಟು ದಿನ ನಿಂತುಹೋಗುತ್ತದೆ. ಪಾಠಯೋಜನೆಯ ಪುಸ್ತಕ, ಚಾರ್ಟು, ಪಾಠೋಪಕರಣ, ಒಪ್ಪವಾದ ಎರಡು ಜೊತೆ ಬಟ್ಟೆ, ದೂರದ ಶಾಲೆಗೆ ಓಡಾಟ, ಎಲ್ಲ ಖರ್ಚೂ ಆಗಲೇ ಬರುತ್ತದೆ. ಯಾವ ವಿದ್ಯಾರ್ಥಿವೇತನದ ನಿಯಮಾವಳಿಯಲ್ಲೂ ಇದಕ್ಕೆ ಪ್ರತ್ಯೇಕ ಸಾಲಿಲ್ಲ.

ರೈತರ ಮಕ್ಕಳು, ಕಾರ್ಮಿಕರ ಮಕ್ಕಳು, ಸರ್ಕಾರಿ ಶಾಲೆಯ ಹೆಣ್ಣುಮಕ್ಕಳು

2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಬಿ.ಎ., ಬಿ.ಎಸ್‌ಸಿ. ಓದುವ ರೈತರ ಮಕ್ಕಳಿಗೆ ನಿಗದಿಯಾದ ದರ ಗಂಡುಮಕ್ಕಳಿಗೆ ವರ್ಷಕ್ಕೆ 5,000, ಹೆಣ್ಣುಮಕ್ಕಳಿಗೆ 5,500 ರೂಪಾಯಿ. ಪುಸ್ತಕದ ಖರ್ಚಿಗೆ ಒಳ್ಳೆಯದು, ಇಡೀ ಓದನ್ನು ಇದರ ಮೇಲೆ ನಿಲ್ಲಿಸಲಾಗದು. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ತಂದೆ ಅಥವಾ ತಾಯಿಯ ನೋಂದಣಿ ಇದ್ದರೆ ಅಲ್ಲಿನ ಶೈಕ್ಷಣಿಕ ಸಹಾಯಧನವನ್ನೂ ವಿಚಾರಿಸಿ. ನೋಂದಣಿ ನವೀಕರಣವಾಗದೆ ಅರ್ಜಿ ತಿರಸ್ಕೃತವಾಗುವುದುಂಟು, ಕಾರ್ಡಿನ ದಿನಾಂಕವನ್ನು ಮೊದಲು ನೋಡಿ.

ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ವಿದ್ಯಾರ್ಥಿವೇತನ ಹತ್ತನೇ ಮತ್ತು ಹನ್ನೆರಡನೇ ತರಗತಿಯನ್ನು ಸರ್ಕಾರಿ ಸಂಸ್ಥೆಗಳಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದ ಹೆಣ್ಣುಮಕ್ಕಳಿಗೆ. ಕರ್ನಾಟಕದ ವಿದ್ಯಾರ್ಥಿನಿಯರೂ ಅರ್ಜಿ ಹಾಕಬಹುದು. ವರ್ಷಕ್ಕೆ 30,000 ರೂಪಾಯಿಯಂತೆ ಕೋರ್ಸ್ ಮುಗಿಯುವವರೆಗೆ ಬರುತ್ತದೆ. ಹಣವನ್ನು ಶುಲ್ಕಕ್ಕೇ ಬಳಸಬೇಕೆಂಬ ಕಟ್ಟಿಲ್ಲ, ವಿದ್ಯಾರ್ಥಿನಿ ತನ್ನ ಓದಿನ ಅಗತ್ಯಕ್ಕೆ ಬಳಸಿಕೊಳ್ಳಬಹುದು. ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ನಾಲ್ಕು ವರ್ಷದ ಸಮಗ್ರ ಕೋರ್ಸ್‌ಗೆ ಸೇರುವ ಹುಡುಗಿಗೆ ಇದು ದೊರೆತರೆ ಪದವಿ ಮತ್ತು ಬಿ.ಎಡ್. ಎರಡೂ ಒಂದೇ ನೆರವಿನಲ್ಲಿ ಮುಗಿಯುತ್ತವೆ. ನಾನು ನೋಡಿದ ಜೋಡಣೆಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇಲ್ಲ. ಮೂರು ವರ್ಷದ ಪದವಿ ಆರಿಸಿದವಳು ಬಿ.ಎಡ್.ಗೆ ಮತ್ತೆ ಬೇರೆ ನೆರವು ಹುಡುಕಬೇಕಾಗುತ್ತದೆ.

ಮನೆಯಲ್ಲಿ ಎಂಟನೇ ತರಗತಿ ಓದುವ ತಮ್ಮನೋ ತಂಗಿಯೋ ಇದ್ದರೆ, ಕೇಂದ್ರದ ವಿದ್ಯಾರ್ಥಿವೇತನಕ್ಕಾಗಿ ನಡೆಯುವ ಎನ್‌ಎಂಎಂಎಸ್ ಪರೀಕ್ಷೆ ಬರೆಸಿ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಚಿಕ್ಕವರ ಓದಿನ ಭಾರ ಇಳಿದಾಗ ದೊಡ್ಡವರ ಓದೂ ಉಳಿಯುತ್ತದೆ.

ಓದು ಮುಗಿದ ಮೇಲಿನ ಬರಿಗೈ

ವಿದ್ಯಾರ್ಥಿವೇತನ ಅಂತಿಮ ಪರೀಕ್ಷೆಯ ಜೊತೆಗೇ ನಿಲ್ಲುತ್ತದೆ. ನೇಮಕಾತಿ ಮಾತ್ರ ತನ್ನ ಕಾಲಕ್ಕೆ ಬರುತ್ತದೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಯಿಸುತ್ತದೆ. ಶಿಕ್ಷಕರಾಗಬೇಕಾದವರು ಬೇರೆ ಕೆಲಸಕ್ಕೆ ಸರಿದುಹೋಗುವುದು ಹೆಚ್ಚಾಗಿ ಈ ಹೊತ್ತಿನಲ್ಲಿ. ಟಿಇಟಿ ಪ್ರಮಾಣಪತ್ರ 2021ರಿಂದ ಜೀವನಪರ್ಯಂತ ಮಾನ್ಯವಾಗಿರುವುದು ಒಂದು ಸಮಾಧಾನ. ಹಾಗಾಗಿ ತರಬೇತಿಯ ಕೊನೆಯ ವರ್ಷದಲ್ಲೇ, ಹಾಸ್ಟೆಲ್ ಊಟ ಇರುವಾಗಲೇ, ಟಿಇಟಿ ಬರೆದು ಮುಗಿಸಿ. ಸಾಮಾನ್ಯ ವರ್ಗದವರು 150ಕ್ಕೆ 90 ಅಂಕ ಪಡೆಯಬೇಕು.

ಕಾಯುವ ಕಾಲಕ್ಕೆ ಯುವನಿಧಿ ಇದೆ. ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಓದು ಮುಂದುವರಿಸುತ್ತಿರುವವರಿಗೆ ಇದು ಸಿಗದು. ಕಾಲೇಜು ಅಧ್ಯಾಪನದ ಕಡೆ ಹೊರಟವರಿಗೆ ಬೇರೆಯೇ ಬಾಗಿಲಿದೆ: ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ-ನೆಟ್‌ನಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಪಡೆದು ಸಂಶೋಧನೆಗೆ ಸೇರಿದರೆ 2023ರ ಜನವರಿಯಿಂದ ಜಾರಿಯಾದ ದರದಂತೆ ತಿಂಗಳಿಗೆ 37,000 ರೂಪಾಯಿ. ಬಡ ಕುಟುಂಬದಿಂದ ಬಂದವರು ಮನೆಗೂ ಹಣ ಕಳುಹಿಸುತ್ತಾ ಪಿಎಚ್.ಡಿ. ಮುಗಿಸಬಹುದಾದಷ್ಟು ಮೊತ್ತ ಇದು.

ಸಾಲ ಕೊನೆಯ ಆಯ್ಕೆಯಾಗಿರಲಿ. ಕುಟುಂಬದ ಆದಾಯ 4.5 ಲಕ್ಷ ರೂಪಾಯಿಯೊಳಗಿದ್ದರೆ ವೃತ್ತಿಪರ ಕೋರ್ಸ್‌ನ ಶಿಕ್ಷಣ ಸಾಲಕ್ಕೆ ಓದುವ ಅವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆ ಇದೆ. ನಿಮ್ಮ ಕಾಲೇಜು ಅದಕ್ಕೆ ಅರ್ಹವೇ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿ. ಅಸಲಿನ ಕಂತು ಮಾತ್ರ ಕೆಲಸ ಸಿಗದಿದ್ದರೂ ಬಂದೇ ಬರುತ್ತದೆ.

ಕಾಗದಪತ್ರ

ರಾಜ್ಯದ ಹೆಚ್ಚಿನ ಯೋಜನೆಗಳಿಗೆ ಅರ್ಜಿ ಸಲ್ಲಬೇಕಾದದ್ದು ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಅಲ್ಲಿ ಬೇಕು. ಅದನ್ನು ಫಲಿತಾಂಶ ಬರುವ ಮೊದಲೇ ಮಾಡಿಸಿಟ್ಟುಕೊಳ್ಳಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಕಾಗುಣಿತ ಇದ್ದರೆ ಈಗಲೇ ತಿದ್ದಿಸಿ. ವಿದ್ಯಾರ್ಥಿಯ ಸ್ವಂತ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಪಾಸ್‌ಬುಕ್ಕಿನಲ್ಲಿ ಆಧಾರ್ ಸಂಖ್ಯೆ ಇದ್ದರೆ ಸಾಲದು, ನೇರ ವರ್ಗಾವಣೆಗೆ ಎನ್‌ಪಿಸಿಐ ಜೋಡಣೆ ಆಗಿದೆಯೇ ಎಂದೇ ಬ್ಯಾಂಕಿನಲ್ಲಿ ಕೇಳಬೇಕು. ಮಂಜೂರಾದ ಹಣ ಈ ಒಂದು ಕಾರಣಕ್ಕೆ ತಿಂಗಳುಗಟ್ಟಲೆ ನಿಂತುಬಿಡುತ್ತದೆ.

ಇದರ ಜೊತೆಗೆ ಇನ್ನೆರಡು ಪ್ರಮಾಣಪತ್ರಗಳನ್ನು ಮಾಡಿಸಿಡಿ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ರಾಜ್ಯದ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರ ಮೀಸಲಾತಿ ಇದೆ. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಗಳಿಗೆ ಓದಿದ ಪ್ರತಿ ಶಾಲೆಯ ಮುಖ್ಯ ಶಿಕ್ಷಕರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಅಧಿಸೂಚನೆ ಬಂದ ವಾರದಲ್ಲಿ ಕಚೇರಿಯ ಮುಂದೆ ಸಾಲು ನಿಲ್ಲುವ ಬದಲು ಪದವಿಯ ಮೊದಲ ರಜೆಯಲ್ಲೇ ಈ ಕೆಲಸ ಮುಗಿಸಿ. ಓದಿದ ಶಾಲೆ ಮುಚ್ಚಿದ್ದರೆ ಅಥವಾ ಬೇರೆ ಶಾಲೆಯೊಂದಿಗೆ ವಿಲೀನವಾಗಿದ್ದರೆ ದಾಖಲೆ ಎಲ್ಲಿದೆ ಎಂದು ಹುಡುಕಲು ಅಷ್ಟು ಸಮಯ ಬೇಕೇ ಬೇಕು.